ಕುರಿತೋದದೆಯುಂ ಸಂಕಿರಣ

ಆಮಂತ್ರಣ ಪತ್ರಿಕೆ ಕೈಗೆ ಬಂದಾಗ ನಾನು ಮೊದಲು ಹುಡುಕಿದ್ದು ವಿಷಯವನ್ನಲ್ಲ, ನನ್ನ ಹೆಸರನ್ನು. ಎಲ್ಲರೂ ಹಾಗೇ ಮಾಡುತ್ತಾರೆ. ನಾನೊಬ್ಬ ಯಾಕೆ ಸುಳ್ಳು ಹೇಳಲಿ? ಅದರಲ್ಲಿ 31 ಹೆಸರುಗಳಿದ್ದವು. ಸಾನ್ನಿಧ್ಯ, ಉದ್ಘಾಟನೆ, ಜ್ಯೋತಿ ಬೆಳಗಿಸುವವರು, ಸಸಿಗೆ ನೀರೆರೆಯುವವರು, ಮುಖ್ಯ ಅತಿಥಿ, ವಿಶೇಷ ಅತಿಥಿ, ಗೌರವ ಉಪಸ್ಥಿತಿ, ಬರೀ ಉಪಸ್ಥಿತಿ. ನಾನು ಬರೀ ಉಪಸ್ಥಿತಿ. ವಿಷಯ ಕೆಳಗಡೆ ಸಣ್ಣ ಅಕ್ಷರದಲ್ಲಿತ್ತು: ‘ಸಿನಿಮಾ, ಸಾಹಿತ್ಯ ಹಾಗೂ ಬೈಬಲ್ ಕಥೆಗಳಲ್ಲಿ ಪಾತ್ರಗಳ ಒಳಾರ್ಥ: ಒಂದು ಒಳನೋಟ.’ ಒಳಾರ್ಥಕ್ಕೂ ಮತ್ತೊಂದು ಒಳನೋಟ! ಹೊರಗಿನ ಅರ್ಥ ನೋಡುವ ಕೆಲಸವನ್ನು ಆ 31 ಜನರಲ್ಲಿ ಯಾರಿಗೂ ಹಚ್ಚಿರಲಿಲ್ಲ.

ಊರು ಕಲಬುರಗಿ. ಸೂಪರ್ ಮಾರ್ಕೆಟ್ ಹತ್ತಿರದ ಒಂದು ಸಭಾಂಗಣ. ಫೆಬ್ರವರಿಯ ಕೊನೆ ವಾರ, ಆಗಲೇ ಬಿಸಿಲು ನೆತ್ತಿ ಸುಡುತ್ತಿತ್ತು. ಪತ್ರಿಕೆಯಲ್ಲಿ ಹತ್ತೂವರೆ ಅಂತಿತ್ತು. ನಾನು ಹನ್ನೊಂದೂವರೆಗೆ ಹೋದೆ. ಸಂಚಾಲಕ ಏಣಿ ಮೇಲೆ ನಿಂತು ಬ್ಯಾನರ್ ಕಟ್ಟುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಆ ಸಂಘಕ್ಕೆ ಬ್ಯಾನರ್ ಕಟ್ಟುವವನು, ಕುರ್ಚಿ ಹಾಕುವವನು, ಮೈಕಿನವನ ಬಾಕಿ ತೀರಿಸುವವನು ಅವನೇ. ಪತ್ರಿಕೆಯಲ್ಲಿ ಅವನ ಹೆಸರು ‘ಸರ್ವರಿಗೂ ಸ್ವಾಗತ’ದ ಪಕ್ಕ, ಪ್ರಿಂಟಿಂಗ್ ಪ್ರೆಸ್ಸಿನ ಫೋನ್ ನಂಬರಿಗಿಂತ ಒಂದು ಗೆರೆ ಮೇಲೆ ಇತ್ತು.

ಬಾಗಿಲ ಹತ್ತಿರದ ಮೇಜಿನ ಮೇಲೆ ಪ್ರಮಾಣಪತ್ರಗಳ ದೊಡ್ಡ ಕಟ್ಟು. ಸಹಿ ಆಗಿದೆ, ಮೊಹರು ಬಿದ್ದಿದೆ, ಹೆಸರಿನ ಜಾಗ ಖಾಲಿ. ಶಿಕ್ಷಕರು ಬಂದು ಒಂದೊಂದು ತಗೊಂಡು ತಮ್ಮ ಹೆಸರು ತಾವೇ ಬರೆದುಕೊಳ್ಳುತ್ತಿದ್ದರು. ಶಾಲೆ ಬಿಟ್ಟು ಬೇರೆ ಕರ್ತವ್ಯದ ಮೇಲಿದ್ದೆ ಎಂದು ತೋರಿಸುವ ಆ ದಿನದ ಓಓಡಿಗೆ ಇದೇ ಆಧಾರ. ಕೆಲವರು ಊರಲ್ಲಿರುವ ಗೆಳೆಯರಿಗೂ ಎರಡೆರಡು ತಗೊಂಡರು. ನಾನು ಬೀದರ್ ಜಿಲ್ಲೆಯವನು. ಖಾಲಿ ಕಾಗದದ ಮೇಲೆ ಮೊಹರು ಕಂಡರೆ ನನಗೆ ಸ್ವಲ್ಪ ಅಂಜಿಕೆ. 1472ರಲ್ಲಿ ಬೀದರಿನಲ್ಲಿ ಅಷ್ಟು ದೊಡ್ಡ ಮದರಸಾ ಕಟ್ಟಿಸಿದ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ತಲೆ ಹೋದದ್ದು ಹೀಗೆಯೇ ಅಲ್ವಾ? ಅವನ ಮೊಹರಿದ್ದ ಖಾಲಿ ಕಾಗದ ಶತ್ರುಗಳ ಕೈಗೆ ಸಿಕ್ಕಿತು. ಅದರ ಮೇಲೆ ಅವರು ಒಡಿಶಾದ ರಾಜನಿಗೆ ಗವಾನನೇ ಬರೆದಂತೆ ಒಂದು ಪತ್ರ ಬರೆದರು. ಸುಲ್ತಾನ ಮೊಹರು ನೋಡಿದ, ಅಷ್ಟು ಸಾಕಾಯಿತು. ‘ಮೊಹರು ನನ್ನದೇ, ಪತ್ರ ನನ್ನದಲ್ಲ’ ಎಂದು ಮುದುಕ ಹೇಳಿದನಂತೆ. 1481ರಲ್ಲಿ ಅದನ್ನು ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಈಗ ತಲೆ ತೆಗೆಯುವುದಿಲ್ಲ, ಶಾಲು ಹಾಕುತ್ತಾರೆ. ಓದುವ ಪದ್ಧತಿ ಮಾತ್ರ ಅದೇ ಇದೆ.

ಹನ್ನೆರಡು ಗಂಟೆಗೆ ಉದ್ಘಾಟಕರು ಮೈಕ್ ಹಿಡಿದರು.

‘ಖರೇ ಹೇಳಬೇಕಂದ್ರ ನಾ ಬೈಬಲ್ ಓದಿಲ್ಲರಿ. ಇವರು ಹೇಳೋ ಸಿನಿಮಾನೂ ನೋಡಿಲ್ಲ. ಆದರ ಅದರೊಳಗಿನ ಅರ್ಥ ಭಾಳ ಆಳ ಅದ.’

ಚಪ್ಪಾಳೆ.

‘ಓದಿಲ್ಲ ಅಂತ ನನಗ ನಾಚಿಕಿ ಇಲ್ಲ. ಯಾಕಂದ್ರ ನಮ್ಮ ಮಳಖೇಡದಾಗೇ ಬರದಾರ, ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್! ಓದದೇನೇ ಶಾಣ್ಯಾ ಆಗೋದು ನಮ್ಮ ಮಣ್ಣಿನ ಗುಣ!’

ಈ ಸಲದ ಚಪ್ಪಾಳೆಗೆ ಫ್ಯಾನಿನ ಸದ್ದೂ ಕೇಳಿಸಲಿಲ್ಲ. ಮಾತು ಕವಿರಾಜಮಾರ್ಗದ್ದೇ, ಅದರಲ್ಲಿ ಅನುಮಾನವಿಲ್ಲ. 9ನೇ ಶತಮಾನದಲ್ಲಿ ಕಾಗಿಣಾ ದಂಡೆಯ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದ ಶ್ರೀವಿಜಯ ಬರೆದದ್ದು. ಆದರೆ ಅದೇ ಪದ್ಯದಲ್ಲಿ ಈ ಸಾಲಿಗಿಂತ ಮೊದಲು ಇನ್ನೊಂದು ಮಾತಿದೆ: ‘ನುಡಿದುದನರಿದಾರಯಲುಂ.’ ಬೇರೆಯವರು ಆಡಿದ್ದನ್ನು ತಿಳಿದುಕೊಂಡು, ಅದನ್ನು ಪರೀಕ್ಷೆ ಮಾಡಿ ನೋಡುವ ಶಕ್ತಿಯೂ ಈ ನಾಡಿನವರಿಗೆ ಉಂಟು ಅಂತ. ಅಂದರೆ ಅಕ್ಷರ ಬಾರದವರೂ ಕಿವಿಗೊಟ್ಟು ಕೇಳುತ್ತಿದ್ದರು, ಕೇಳಿದ್ದನ್ನು ತೂಗಿ ನೋಡುತ್ತಿದ್ದರು. ನಾವು ಆ ಭಾಗವನ್ನು ಸಾವಿರದ ನೂರು ವರ್ಷದಲ್ಲಿ ಎಲ್ಲೋ ಉದುರಿಸಿಕೊಂಡು, ‘ಓದದೆಯುಂ’ ಅನ್ನುವುದನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದೇವೆ.

ಸಿನಿಮಾ ಗೋಷ್ಠಿಯನ್ನು ಜಾಸ್ತಿ ಎಳೆಯುವುದಿಲ್ಲ. 1972ರ ‘ನಾಗರಹಾವು’ ಬಗ್ಗೆ ಒಬ್ಬ ಯುವ ಉಪನ್ಯಾಸಕರು ಮಾತಾಡಿದರು. ರಾಮಾಚಾರಿ ಅಂದರೆ ವ್ಯವಸ್ಥೆಯ ವಿರುದ್ಧದ ಹೆಡೆ, ಚಾಮಯ್ಯ ಮೇಷ್ಟ್ರು ಅಂದರೆ ಅದೇ ವ್ಯವಸ್ಥೆಯ ಪುಂಗಿ ಎಂದರು. ಕೇಳಲು ಚೆನ್ನಾಗಿತ್ತು. ಆಮೇಲೆ ಚಹಾ ಕುಡಿಯುವಾಗ, ಸಿನಿಮಾ ನೋಡಿಲ್ಲ, ಅದರ ‘ಕ್ಲೈಮ್ಯಾಕ್ಸ್ ವಿವರಣೆ’ಯ ವಿಡಿಯೋವನ್ನು ಬರುವಾಗ ಬಸ್ಸಿನಲ್ಲಿ ನೋಡಿದೆ, ಅದೂ ಎರಡರಷ್ಟು ವೇಗದಲ್ಲಿ ಎಂದು ಗುಟ್ಟು ಬಿಟ್ಟುಕೊಟ್ಟರು. ಕಾದಂಬರಿ ಬರೆದ ತರಾಸು ಅವರಿಗೇ ಪುಟ್ಟಣ್ಣ ಕಣಗಾಲರ ಸಿನಿಮಾ ಒಪ್ಪಿಗೆಯಾಗಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಅವರು ಸಿಟ್ಟಾಗಿದ್ದರಂತೆ. ಬರೆದವರು ಒಂದು ಓದು, ತೆಗೆದವರು ಇನ್ನೊಂದು ಓದು. ಜಗಳ ಆಡಿದರೂ ಇಬ್ಬರೂ ಪುಸ್ತಕ ಓದಿದ್ದರು ಅನ್ನುವುದೇ ಈಗ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಸಾಹಿತ್ಯದ ಗೋಷ್ಠಿಯಲ್ಲಿ ರನ್ನನ ದುರ್ಯೋಧನ ಬಂದ. ಮಾತಾಡಿದವರ ಕೈಯಲ್ಲಿ ಪರೀಕ್ಷೆಯ ಗೈಡು. ಗೈಡಿನ ಪ್ರಕಾರ ದುರ್ಯೋಧನನಿಗೆ ಐದು ಗುಣ: ಛಲ, ಅಸೂಯೆ, ಅಹಂಕಾರ, ಸ್ನೇಹ, ಪಶ್ಚಾತ್ತಾಪ. ಐದು ಅಂಕದ ಪ್ರಶ್ನೆಯಲ್ಲವೇ, ಗುಣಗಳೂ ಐದೇ ಇರಬೇಕು. ಗದಾಯುದ್ಧದಲ್ಲಿ ಅವನು ಹೆಣಗಳ ನಡುವೆ ದಾರಿ ಹುಡುಕುತ್ತಾ ತನ್ನ ಮಗನಿಗಾಗಿ ಅಳುತ್ತಾನೆ, ಕರ್ಣನಿಗಾಗಿ ಅಳುತ್ತಾನೆ, ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಅವನ ಶೌರ್ಯ ಹೊಗಳುತ್ತಾನೆ. ಇದು ಯಾವ ಗುಣದ ಕೆಳಗೆ ಬರುತ್ತದೆ ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು. ‘ಆರನೇದು ಬರದ್ರ ಅಂಕ ಸಿಗಂಗಿಲ್ಲವ್ವಾ’ ಎಂದರು.

ಮೂರನೇ ಗೋಷ್ಠಿ ಬೈಬಲ್‌ದು. ವೇದಿಕೆಯಲ್ಲಿ ಎಂಟು ಜನ. ಏಳು ಜನ ನನ್ನಂಥವರು. ಎಂಟನೆಯವರು ಬೀದರಿನ ಮಂಗಲಪೇಟೆಯಿಂದ ಬಂದ ನಿವೃತ್ತ ಅಕ್ಕೋರು. ಸಾಲಿಯಲ್ಲಿ ಕನ್ನಡ ಕಲಿಸಿದವರು, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಕಥೆ ಹೇಳಿದವರು. ಮಡಿಲಲ್ಲಿ ಒಂದು ಹಳೇ ಬೈಬಲ್, ಬೆನ್ನಿಗೆ ಹಸಿರು ಟೇಪು ಅಂಟಿಸಿದ್ದು. ಅವರಿಗೆ ಕೊನೆಯ ಮೂರು ನಿಮಿಷ ಕೊಟ್ಟಿದ್ದರು.

ಅದಕ್ಕೆ ಮೊದಲು ನಾವು ಏಳೂ ಜನ ಸೇರಿ ಬೈಬಲನ್ನು ಒಂದು ದಡ ಮುಟ್ಟಿಸಿದೆವು. ಹವ್ವಳ ಕೈಯ ಸೇಬು ಬಂಡವಾಳಶಾಹಿಯ ಸಂಕೇತ ಎಂದರು ಒಬ್ಬರು. ಯೋನನನ್ನು ನುಂಗಿದ ತಿಮಿಂಗಿಲ ಅವನ ಸುಪ್ತ ಮನಸ್ಸು ಎಂದರು ಇನ್ನೊಬ್ಬರು. ಕೂಸು ಯೇಸುವನ್ನು ನೋಡಲು ಬಂದ ಕ್ರಿಸ್ಮಸ್ಸಿನ ಮೂವರು ರಾಜರು ಮೂರು ಖಂಡಗಳು. ದೆಲೀಲಳು ಹಿಡಿದ ಕತ್ತರಿ ಸ್ತ್ರೀಶಕ್ತಿ. ನಾನೂ ಸುಮ್ನೆ ಕೂರಲಿಲ್ಲ, ಮೂರು ಖಂಡಗಳ ಮಾತಿಗೆ ತಲೆದೂಗಿದೆ.

ಅಕ್ಕೋರು ಎದ್ದು ನಿಂತು ಕನ್ನಡಕ ಹಾಕಿಕೊಂಡರು.

‘ಸೇಬು ಎಲ್ಲದ ತೋರಸ್ರಿ. ಬರೇ ಹಣ್ಣು ಅಂತ ಅದ.’

ಯಾರೂ ತೋರಿಸಲಿಲ್ಲ. ಲ್ಯಾಟಿನ್ನಿನಲ್ಲಿ ಸೇಬಿಗೂ ಕೆಟ್ಟದ್ದಕ್ಕೂ ಒಂದೇ ಥರದ ಮಾತಿದೆ, ಚಿತ್ರ ಬರೆಯುವವರೂ ಸೇಬನ್ನೇ ಬರೆದರು, ಹಾಗೆ ಅದು ಹೊಕ್ಕಿರಬೇಕು ಎಂದು ಅವರೇ ಹೇಳಿದರು. ಯೋನನ ಕಥೆಯಲ್ಲಿ ತಿಮಿಂಗಿಲವಿಲ್ಲ, ‘ದೊಡ್ಡ ಮೀನು’ ಇದೆ. ಅದೂ ಮೂರೇ ವಚನದಲ್ಲಿ ಬಂದು ಹೋಗುತ್ತದೆ. ಮತ್ತಾಯ ಬರೆದದ್ದು ಮೂಡಣ ದೇಶದ ಜೋಯಿಸರ ಬಗ್ಗೆ, ರಾಜರ ಬಗ್ಗೆ ಅಲ್ಲ. ಎಷ್ಟು ಜನ ಅಂತ ಅವನು ಎಣಿಸಿಲ್ಲ. ಕಾಣಿಕೆ ಮಾತ್ರ ಮೂರು: ಚಿನ್ನ, ಧೂಪ, ರಕ್ತಬೋಳ. ದೆಲೀಲ, ಕೂದಲಲ್ಲೇ ಬಲವಿದ್ದ ಸಂಸೋನನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕೂದಲು ಬೋಳಿಸಲು ಒಬ್ಬ ಗಂಡಸನ್ನು ಕರೆದಳು.

‘ನಾವಿದಗೇರವನ್ನ ಬಿಟ್ಟು ಬರೇ ಕತ್ತರಿ ಹಿಡ್ಕೊಂಡು ಕುಂತೀರಲ್ಲ’ ಎಂದರು. ಹಿಂದಿನ ಸಾಲಿನ ಹುಡುಗಿಯರು ನಕ್ಕರು. ನಿರೂಪಕ ಒಂದು ಚೀಟಿ ತಂದಿಟ್ಟ: ‘ಸಮಯ.’

ಅಕ್ಕೋರಿಗೆ ಚೀಟಿ ಹೊಸದಲ್ಲ, ನಲವತ್ತು ವರ್ಷ ಮಕ್ಕಳಿಂದ ಚೀಟಿ ಕಸಿದುಕೊಂಡವರು. ಅದನ್ನು ಬೈಬಲಿನ ಪುಟದ ನಡುವೆ ಗುರುತಿಗೆ ಇಟ್ಟುಕೊಂಡರು. ಯೋನನದು ನಾಲ್ಕೇ ಅಧ್ಯಾಯ, ಚಹಾ ಆರುವುದರೊಳಗೆ ಓದಬಹುದು ಎಂದರು. ನಿನೆವೆಯ ಜನರನ್ನು ದೇವರು ಕ್ಷಮಿಸಿಬಿಟ್ಟ ಅಂತ ಪ್ರವಾದಿ ಯೋನನಿಗೇ ಸಿಟ್ಟು ಬಂತು, ಹೋಗಿ ಊರ ಹೊರಗೆ ಸೋರೆಗಿಡದ ನೆರಳಲ್ಲಿ ಕೂತ, ಗಿಡ ಒಣಗಿದ್ದಕ್ಕೆ ‘ಸಾಯುವುದೇ ಮೇಲು’ ಅಂದ. ಕಥೆ ಮುಗಿಯುವುದು ದೇವರ ಒಂದು ಪ್ರಶ್ನೆಯಲ್ಲಿ: ಎಡಬಲ ತಿಳಿಯದ ಒಂದು ಲಕ್ಷ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನ, ಜೊತೆಗೆ ಎಷ್ಟೋ ದನಕರು ಇರುವ ಊರಿನ ಬಗ್ಗೆ ನಾನು ಕನಿಕರ ಪಡಬಾರದೇ?

‘ದೇವರಿಗೆ ದನಕರದ ನೆನಪು ಅದ. ನಿಮಗ ಮೀನೊಂದೇ ಕಾಣ್ತದ’ ಎಂದು ಅಕ್ಕೋರು ಪುಟ ತಿರುವಿದರು. ‘ಇರಲಿ, ಒಂದು ಪ್ರಶ್ನೆ ಕೇಳಿ ಕೂಡ್ತೀನಿ. ಲೂಕ ಹದಿನೈದು. ಆ ಹಿರೇಮಗ ಕಡೀಗೆ ಒಳಗ ಹೋದನೋ ಇಲ್ಲೋ?’

ಕಥೆ ಗೊತ್ತಿರಬಹುದು. ಅಪ್ಪ ಬದುಕಿರುವಾಗಲೇ ಕಿರಿಯ ಮಗ ತನ್ನ ಪಾಲು ಕೇಳಿ ತಗೊಂಡು ದೂರ ದೇಶಕ್ಕೆ ಹೋಗುತ್ತಾನೆ. ಎಲ್ಲ ಹಾಳು ಮಾಡುತ್ತಾನೆ. ಅಲ್ಲಿ ಬರ ಬೀಳುತ್ತದೆ. ಹಂದಿ ಕಾಯುತ್ತಾ, ಹಂದಿ ತಿನ್ನುವ ಕಾಯಿಗೂ ಆಸೆಪಡುವ ಸ್ಥಿತಿ ಬಂದಾಗ ಮನೆ ನೆನಪಾಗುತ್ತದೆ. ಅಪ್ಪ ದೂರದಿಂದಲೇ ಕಂಡು ಓಡಿ ಬಂದು ತಬ್ಬಿಕೊಳ್ಳುತ್ತಾನೆ. ಹೊಸ ಅಂಗಿ, ಉಂಗುರ, ಕೆರ, ಕೊಬ್ಬಿದ ಕರುವಿನ ಊಟ, ಹಾಡು, ಕುಣಿತ. ಹಿರಿಯವನು ಹೊಲದಿಂದ ಬರುವಾಗ ಸದ್ದು ಕೇಳಿ ಆಳನ್ನು ವಿಚಾರಿಸುತ್ತಾನೆ. ತಮ್ಮ ಬಂದಿದ್ದಾನೆ ಎಂದು ತಿಳಿದು ಬಾಗಿಲಲ್ಲೇ ನಿಲ್ಲುತ್ತಾನೆ. ಅಪ್ಪ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಇಷ್ಟು ವರ್ಷ ದುಡಿದರೂ ನನಗೆ ಗೆಳೆಯರೊಂದಿಗೆ ಹಬ್ಬ ಮಾಡಲು ಒಂದು ಆಡುಮರಿ ಕೊಟ್ಟವನಲ್ಲ ನೀನು ಎನ್ನುತ್ತಾನೆ. ಅಪ್ಪ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಅಲ್ಲಿಗೆ ಕಥೆ ನಿಂತುಬಿಡುತ್ತದೆ.

ವೇದಿಕೆ ಮೊದಲ ಸಲ ಎಚ್ಚರಾಯಿತು. ಸೇಬು, ತಿಮಿಂಗಿಲಕ್ಕೆಲ್ಲ ಯಾರ ಎದೆಯೂ ಹೊಡೆದುಕೊಂಡಿರಲಿಲ್ಲ. ಪಾಲು ಅಂದಕೂಡಲೇ ಎಲ್ಲರೂ ನೆಟ್ಟಗೆ ಕೂತರು. ವಿಶೇಷ ಅತಿಥಿಯಾಗಿದ್ದ ವಕೀಲರು ಮೈಕ್ ಕಸಿದುಕೊಂಡರು. ಕಿರಿಯವನ ಪಾಲು ಮುಗಿದಿದೆ, ಉಳಿದದ್ದು ಹಿರಿಯವನದು ಎಂದು ಅಪ್ಪನೇ ಒಪ್ಪಿದ್ದಾನೆ, ಹಾಗಾದರೆ ಕರು ಯಾರದು? ಅವನನ್ನು ಕೇಳದೆ ಕೊಯ್ದದ್ದು ಹೇಗೆ? ಇಂಥ ಕೇಸು ತಮ್ಮ ಹತ್ತಿರ ಮೂರಿವೆ ಎಂದರು. ರೈತ ಮುಖಂಡರೊಬ್ಬರು, ಬರ ಬಿದ್ದ ದೇಶದಲ್ಲಿ ಪರಿಹಾರ ಯಾಕೆ ಬರಲಿಲ್ಲ, ತೊಗರಿಗೂ ಇದೇ ಗತಿ ಎಂದರು. ಹಂದಿ ಅಂದರೆ ವಸಾಹತುಶಾಹಿ ಎಂದವರಿಗೆ ಯಾರೂ ಕಿವಿಗೊಡಲಿಲ್ಲ. ನಾನು ಅಪ್ಪನ ಪರ ಮಾತಾಡಿದೆ. ಕ್ಷಮೆ ದೊಡ್ಡದು ಎಂದೆ, ಗಂಟಲು ಕಟ್ಟಿ ಬಂತು. ನನ್ನ ಪಾಲಿನ ನಾಲ್ಕು ಎಕರೆ ಮಾರಿ ಕಲಬುರಗಿಯಲ್ಲಿ ಮನೆ ಕಟ್ಟಿಸಿದವನು ನಾನು. ಆ ಹೊತ್ತಿಗೆ ನಮ್ಮಣ್ಣ ಔರಾದಿನ ಹೊಲದಲ್ಲಿ ಕಡಲೆ ರಾಶಿ ಮಾಡಿಸುತ್ತಿದ್ದ. ಅದನ್ನು ಮೈಕಿನಲ್ಲಿ ಹೇಳಲಿಲ್ಲ.

ಕೊನೆಗೆ ಅಧ್ಯಕ್ಷರು ತೀರ್ಪು ಕೊಟ್ಟರು. ಹಿರೇಮಗ ಅಂದರೆ ಅಹಂಕಾರ. ದುಡಿದವರು ಲೆಕ್ಕ ಇಡಬಾರದು. ಅವನು ಒಳಗೆ ಹೋಗಲೇಬೇಕು, ಹೋಗಿರುತ್ತಾನೆ. ಅಷ್ಟು ಹೇಳಿ ಸನ್ಮಾನಕ್ಕೆ ಇಳಿದರು. ಎಂಟು ವರ್ಷದ ಹಿಂದೆ ಜಗಳಾಡಿ, ತನ್ನ ಗುಂಪಿನ ಪಾಲು ಎಂದು ಸಂಘದ ಠೇವಣಿಯಲ್ಲಿ ಅರ್ಧ ಕಿತ್ತುಕೊಂಡು ಬೆಂಗಳೂರಿಗೆ ಹೋಗಿದ್ದ ಹಳೇ ಕಾರ್ಯದರ್ಶಿ ಆ ದಿನ ವಾಪಸು ಬಂದಿದ್ದ. ಅಲ್ಲಿ ಒಂದು ಪತ್ರಿಕೆ ಶುರು ಮಾಡಿ ಅದನ್ನೂ ಮುಳುಗಿಸಿದ್ದ. ಅಧ್ಯಕ್ಷರು ವೇದಿಕೆಯಿಂದ ಇಳಿದು ಹೋಗಿ ಅವನನ್ನು ತಬ್ಬಿಕೊಂಡರು. ಮೈಸೂರು ಪೇಟ, ರೇಷ್ಮೆ ಶಾಲು, ಹಾರ. ಪ್ರತಿ ವರ್ಷ ಸುಸಲಾ, ಮಿರ್ಚಿಯಲ್ಲಿ ಮುಗಿಯುತ್ತಿದ್ದ ಕಾರ್ಯಕ್ರಮಕ್ಕೆ ಈ ಸಲ ಶೇಂಗಾ ಹೋಳಿಗೆ, ಎಣ್ಣೆಗಾಯಿ, ಬಿಸಿ ರೊಟ್ಟಿ. ಹಾರ್ಮೋನಿಯಂ, ತಬಲಾ ಬೇರೆ.

ನಾನು ಊಟ ಮುಗಿಸಿ ಹೊರಗೆ ಬಂದಾಗ ಸಂಚಾಲಕ ಗೇಟಿನ ಹತ್ತಿರ ನಿಂತಿದ್ದ. ಕೈಯಲ್ಲಿ ಬ್ಯಾನರ್ ಕಟ್ಟಿದ ಸುತಳಿಯ ಉಂಡೆ. ಅಧ್ಯಕ್ಷರು ಅವನ ರಟ್ಟೆ ಹಿಡಿದು ನಿಂತಿದ್ದರು.

‘ಒಳಗ ಬಾರೋ ತಮ್ಮಾ, ಎಲ್ಲಾರೂ ಕುಂತಾರ.’

‘ನಾ ಬರಂಗಿಲ್ಲರಿ. ಇಪ್ಪತ್ತೆರಡು ವರ್ಷ ಕುರ್ಚಿ ಹಾಕೀನಿ. ನಿಮ್ಮ ಮಾತು ಮೀರಿಲ್ಲ. ನಿಮ್ಮ ದೋಸ್ತರನ್ನ ಕರ್ಕೊಂಡು ಹೋಗಿ ಒಂದು ಪ್ಲೇಟ್ ಮಿರ್ಚಿ ತಿನ್ನು ಅಂತ ಒಂದಿನಾ ಅಂದೀರಿ? ಆ ರೊಕ್ಕ ತಿಂದಂವ ಬಂದಕೂಡ್ಲೇ ಹೋಳಿಗಿ!’

‘ಹಂಗನಬ್ಯಾಡೋ. ಇದೆಲ್ಲಾ ನಿಂದೇ ಅಲ್ಲೇನು? ಅಂವ ಹೋದಂವ ಬಂದಾನ, ಖುಷಿಪಡೋದು ಬ್ಯಾಡೇನು?’

ಅಧ್ಯಕ್ಷರ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. ಈ ಮನುಷ್ಯ ಯಾಕೆ ಹೀಗಾಡುತ್ತಿದ್ದಾನೆ ಎಂದು ಅವರಿಗೆ ಗೊತ್ತಾಗಲಿಲ್ಲ. ಒಳಗೆ ತಬಲಾ ಜೋರಾಯಿತು.

ಅಕ್ಕೋರು ಕೈಚೀಲ ಹಿಡಿದು ನನ್ನ ಪಕ್ಕ ಬಂದು ನಿಂತರು. ಇಬ್ಬರೂ ಸ್ವಲ್ಪ ಹೊತ್ತು ನೋಡಿದೆವು.

‘ಹೋಗ್ತಾನಂತೀರಿ ಅಕ್ಕೋರೇ?’

‘ಹೋಳಿಗಿ ಮುಗಿಯೋದ್ರಾಗ ಹೋದ್ರ ಚೊಲೋ’ ಎಂದರು. ‘ನಂದು ಬೀದರ್ ಬಸ್ ಅದಪ್ಪಾ. ಆ ಆಟೋದವನ್ನ ಕರೀ.’