ಸತ್ಯಾಂಶ: ಇಶಿಗುರೊ ಕಾದಂಬರಿಗಳು ಜಪಾನಿಯಿಂದ ಬಂದ ಅನುವಾದಗಳಲ್ಲ

ನೊಬೆಲ್ ಪುರಸ್ಕೃತ ಬ್ರಿಟಿಷ್ ಕಾದಂಬರಿಕಾರ ಕಜುವೊ ಇಶಿಗುರೊ ಜಪಾನಿ ಭಾಷೆಯಲ್ಲಿ ಬರೆಯುತ್ತಾರೆ, ನಾವು ಓದುವುದು ಇಂಗ್ಲಿಷ್ ಅನುವಾದ ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಿರುಗುತ್ತಿರುತ್ತದೆ. ಅದು ತಪ್ಪು. ಹೆಸರು ನೋಡಿದರೆ ಯಾರಿಗಾದರೂ ಹಾಗನ್ನಿಸುವುದು ಸಹಜವೇ.

ಅವರು ಹುಟ್ಟಿದ್ದು 1954ರಲ್ಲಿ, ನಾಗಾಸಾಕಿಯಲ್ಲಿ. ಐದು ವರ್ಷದ ಹುಡುಗನಾಗಿದ್ದಾಗ, 1960ರಲ್ಲಿ, ಕುಟುಂಬ ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ಗೆ ಬಂತು. ಮನೆಯೊಳಗೆ ಜಪಾನಿ ಮಾತು, ಹೊಸ್ತಿಲು ದಾಟಿದರೆ ಇಂಗ್ಲಿಷ್ ಶಾಲೆ. ಮತ್ತೆ ಜಪಾನ್ ನೋಡಿದ್ದು 1989ರಲ್ಲಿ. ಅಷ್ಟರಲ್ಲಿ ಜಪಾನ್ ಕುರಿತ ಎರಡು ಕಾದಂಬರಿಗಳು ಅಚ್ಚಾಗಿದ್ದವು! ಅಲ್ಲಿರುವುದು ಬಾಲ್ಯದ ನೆನಪು ಮತ್ತು ಕಲ್ಪನೆಯಿಂದ ಕಟ್ಟಿದ ಜಪಾನ್. ಮಾಸಿಹೋಗುವ ಮುನ್ನ ಅದನ್ನು ಉಳಿಸಿಕೊಳ್ಳಲು ಬರೆದೆ ಎಂದು ಅವರೇ ನೊಬೆಲ್ ಉಪನ್ಯಾಸದಲ್ಲಿ ಹೇಳಿದ್ದಾರೆ.

ಅವರ ಮೂರನೆಯ ಕಾದಂಬರಿ ಇಂಗ್ಲಿಷ್ ಬಂಗಲೆಯ ಬಟ್ಲರ್ ಒಬ್ಬನ ಕಥೆ, 1989ರ ಬುಕರ್ ಪಡೆದದ್ದು. ಅವನ ಬಿಗಿಹಿಡಿದ ಮೌನವನ್ನು ಜಪಾನಿ ಸಂಯಮ ಎನ್ನುವವರಿದ್ದಾರೆ, ಅಪ್ಪಟ ಇಂಗ್ಲಿಷ್ ಗಾಂಭೀರ್ಯ ಎನ್ನುವವರೂ ಇದ್ದಾರೆ. ನನಗಂತೂ ಎರಡನ್ನೂ ಬಿಡಿಸಿ ನೋಡಲಾಗುವುದಿಲ್ಲ.

ನೀವೇ ಪರೀಕ್ಷಿಸಬಹುದು. ಪುಸ್ತಕದ ಶೀರ್ಷಿಕೆಪುಟದ ಹಿಂಬದಿ ತೆರೆಯಿರಿ: ಇಂಗ್ಲಿಷ್ ಪ್ರತಿಯಲ್ಲಿ ಅನುವಾದಕರ ಹೆಸರಿಲ್ಲ, ಜಪಾನಿ ಪ್ರತಿಯಲ್ಲಿದೆ. ನೊಬೆಲ್ ಜಾಲತಾಣದಲ್ಲಿ 2017ರ ಸಾಹಿತ್ಯ ಪುರಸ್ಕಾರದ ಪುಟ ನೋಡಿದರೆ, ಭಾಷೆ ಇಂಗ್ಲಿಷ್ ಎಂದೇ ಇದೆ. ಇನ್ನೊಂದು ಸ್ವಾರಸ್ಯ: ಜಪಾನಿನ ಪುಸ್ತಕಗಳಲ್ಲಿ ಅವರ ಹೆಸರನ್ನು ಅಚ್ಚುಮಾಡುವುದು ಕಟಕಾನಾದಲ್ಲಿ, ಅಂದರೆ ವಿದೇಶಿ ಹೆಸರುಗಳಿಗೆ ಬಳಸುವ ಲಿಪಿಯಲ್ಲಿ.