ಸ್ಪಷ್ಟನೆ: 2038ರ ಹೆಸರಲ್ಲಿ ತಾರೀಖನ್ನು ವರ್ಚಾರ್ ಮಾಡಬೇಡಿ

ಪುಣೆಯಲ್ಲಿ ಹಿಂಜೆವಾಡಿ, ಖರಾಡಿ ಕಡೆ ಕೆಲಸ ಮಾಡುವ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: '2038ಕ್ಕೆ ಎಲ್ಲ ಡೇಟಾಬೇಸ್‌ಗಳ ದಿನಾಂಕ ಕೆಡುತ್ತದೆ, ಈಗಲೇ ವರ್ಚಾರ್ ಕಾಲಂಗೆ ಬದಲಿಸಿ.' ಭಯಕ್ಕೆ ಸ್ವಲ್ಪ ಆಧಾರ ಇದೆ. ಸಲಹೆ ಮಾತ್ರ ತಪ್ಪು. (ವರ್ಚಾರ್ ಅಂದರೆ ಏನನ್ನೇ ಆದರೂ ಬರೀ ಅಕ್ಷರಗಳಾಗಿ ಬರೆದಿಡುವ ಕಾಲಂ.)

ಮಿತಿ ಇರುವುದು ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್‌ನಲ್ಲಿ ದಿನಾಂಕ, ಸಮಯ ಇಡುವ ಟೈಮ್‌ಸ್ಟ್ಯಾಂಪ್ ಎಂಬ ಕಾಲಂ ಬಗೆಗೆ. ಅದು 2038ರ ಜನವರಿ 19, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8:44:07ರ ತನಕ. ಮೈಎಸ್‌ಕ್ಯುಎಲ್‌ನದ್ದೇ ಇನ್ನೊಂದು ಬಗೆ ಡೇಟ್‌ಟೈಮ್ 9999ನೇ ಇಸವಿವರೆಗೂ ಹೋಗುತ್ತದೆ. ಎರಡೂ ಅದರ ಕೈಪಿಡಿಯಲ್ಲೇ ಇವೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನ ಟೈಮ್‌ಸ್ಟ್ಯಾಂಪ್‌ಗೆ ಈ ತೊಂದರೆಯೇ ಇಲ್ಲ.

ವರ್ಚಾರ್ ಮಾಡಿದರೆ ಏನಾಗುತ್ತದೆ? ಹೋಲಿಕೆ ಅಕ್ಷರದ ಲೆಕ್ಕದಲ್ಲಿ ನಡೆಯುತ್ತದೆ. '02-01-2025' ಬಂದು '15-08-2024'ಕ್ಕಿಂತ ಮುಂಚೆ ಕೂರುತ್ತದೆ. '31-02-2025' ಅಂತ ಬರೆದರೂ ಸುಮ್ನೆ ಒಪ್ಪಿಕೊಳ್ಳುತ್ತದೆ! 2038ರ ತನಕ ಕಾಯುವುದೇ ಬೇಡ, ರಿಪೋರ್ಟ್ ಇವತ್ತೇ ಕೆಡುತ್ತದೆ ಅಲ್ವಾ?

ಬದಲಿಸಲೇಬೇಕಿದ್ದರೆ ಡೇಟ್‌ಟೈಮ್‌ಗೆ ಬದಲಿಸಿ. ಜನ ಜಾಸ್ತಿ ಎಡವುವುದು ಇಲ್ಲೇ. ಟೈಮ್‌ಸ್ಟ್ಯಾಂಪ್ ಸಮಯವನ್ನು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಇಟ್ಟು, ಸೆಷನ್‌ನ, ಅಂದರೆ ಡೇಟಾಬೇಸ್ ಜತೆಗಿನ ಆ ಸಂಪರ್ಕದ, ಟೈಮ್‌ಝೋನ್ ನೋಡಿ ತೋರಿಸುತ್ತದೆ. ಡೇಟ್‌ಟೈಮ್ ಕೊಟ್ಟದ್ದನ್ನು ಹಾಗೇ ಇಡುತ್ತದೆ. ಯುಟಿಸಿಯಲ್ಲೇ ಉಳಿಯಬೇಕಿದ್ದರೆ ಕಾಲಂ ಬದಲಿಸುವ ಆಲ್ಟರ್ ಆದೇಶ ಓಡಿಸುವ ಮುಂಚೆ ಸೆಷನ್ ಝೋನನ್ನು '+00:00' ಮಾಡಿ. ಇಲ್ಲದಿದ್ದರೆ ಭಾರತದ ಝೋನ್‌ನಲ್ಲಿರುವ ಸೆಷನ್‌ನಲ್ಲಿ ಎಲ್ಲ ಸಾಲುಗಳೂ ಐದೂವರೆ ಗಂಟೆ ಮುಂದೆ ಹೋಗುತ್ತವೆ.

ಕೋಡ್‌ನಿಂದ ಕಳಿಸುವಾಗಲೂ ತಾರೀಖನ್ನು ಸ್ಟ್ರಿಂಗ್ ಮಾಡಿ ಕ್ವೆರಿಗೆ ಅಂಟಿಸಬೇಡಿ. ಜಾವಾದಲ್ಲಾದರೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗೆ (ಮೌಲ್ಯಗಳನ್ನು ಬೇರೆಯಾಗಿ ಕೊಡುವ ಕ್ವೆರಿಗೆ) ಜಾವಾದ ದಿನಾಂಕ-ಸಮಯದ ಬಗೆಯಾದ ಲೋಕಲ್‌ಡೇಟ್‌ಟೈಮ್ ಅನ್ನೇ ಕೊಡಿ.

ಆ ಮೆಸೇಜ್ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ.