ನಾಳೆ ರಾತ್ರಿ ಒಂಬತ್ತಕ್ಕೆ ಬುಲ್ಸ್ ಆಟ, ನಗುವವರು ನಗಲಿ

ಇವತ್ತು 2025ರ ಆಗಸ್ಟ್ 28. ನಿನ್ನೆ ಚೌತಿಗೆ ಅಂಕೋಲೆಯ ತವರಿಗೆ ಹೋಗಿದ್ದೆ. ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ಚಕ್ಕುಲಿ ಮುರಿಯುತ್ತಾ ಕೇಳಿದ, "ಅತ್ತೆ, ನಾಡಿದ್ದು ನಿನ್ನ ಬುಲ್ಸ್ ಎಷ್ಟು ಪಾಯಿಂಟಲ್ಲಿ ಸೋಲ್ತದೆ?" ಸುತ್ತ ಕೂತವರೆಲ್ಲ ನಕ್ಕರು. ಬುಲ್ಸ್ ಅಂದರೆ ಪ್ರೊ ಕಬಡ್ಡಿಯ ಬೆಂಗಳೂರು ಬುಲ್ಸ್, ನನ್ನ ತಂಡ. ಅವನ ಮೈಮೇಲಿದ್ದದ್ದು ಆರ್‌ಸಿಬಿ ಜೆರ್ಸಿ. ಹಬ್ಬದ ದಿನ ಮಾತು ಬೆಳೆಸೋದು ಬೇಡ ಅಂತ ಸುಮ್ಮನಿದ್ದೆ. ಇವತ್ತು ಸುಮ್ಮನಿರಲು ಆಗುತ್ತಿಲ್ಲ.

ಹೋದ ಸೀಸನ್ ಹೇಗಿತ್ತು ಅಂತ ನನಗೆ ಯಾರೂ ನೆನಪಿಸಬೇಕಾಗಿಲ್ಲ. ಬೆಂಗಳೂರು ಬುಲ್ಸ್ 22 ಪಂದ್ಯ ಆಡಿತು, ಗೆದ್ದದ್ದು ಎರಡು. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ. 2024ರ ಅಕ್ಟೋಬರ್ 18ರಂದು ಹೈದರಾಬಾದಿನಲ್ಲಿ ಮೊದಲ ಪಂದ್ಯವನ್ನೇ ತೆಲುಗು ಟೈಟನ್ಸ್‌ಗೆ 29-37ರಿಂದ ಬಿಟ್ಟುಕೊಟ್ಟರು. ಎದುರು ತಂಡದಲ್ಲಿ ಇದ್ದವನು ಪವನ್ ಸೆಹ್ರಾವತ್. ನಮಗೆ ಕಪ್ ಗೆದ್ದುಕೊಟ್ಟ ಅದೇ ಪವನ್! ಆಮೇಲೆ ಸೋಲಿನ ಮೇಲೆ ಸೋಲು. ಊಟ ಬಡಿಸುತ್ತಾ, ಅಡುಗೆಮನೆ ಒರೆಸುತ್ತಾ, ಒಂದು ಕಣ್ಣು ಟಿವಿ ಮೇಲಿಟ್ಟು ಆ ಸೀಸನ್ ಪೂರ್ತಿ ನೋಡಿದ್ದೇನೆ.

ಹಾಗಾಗಿ ಸೋತ ತಂಡವನ್ನು ಸೋತ ತಂಡ ಅಂದರೆ ನನಗೆ ಬೇಸರವಿಲ್ಲ. ಸಿಟ್ಟು ಬರೋದು ಈ ನಗುವಿಗೆ. ಒಂದು ಪಂದ್ಯವನ್ನೂ ಪೂರ್ತಿ ನೋಡದೆ, ಪಾಯಿಂಟ್ಸ್ ಪಟ್ಟಿಯ ಕೊನೆಯ ಸಾಲು ಮಾತ್ರ ನೋಡಿ ನಗುತ್ತಾರಲ್ಲ, ಅದಕ್ಕೆ.

ಆರ್‌ಸಿಬಿಯವರೇ, ಸ್ವಲ್ಪ ಕೇಳಿ. ನಾನೂ ನಿಮ್ಮವಳೇ. ನಿಮ್ಮ ತಂಡ ಐಪಿಎಲ್ ಶುರು ಮಾಡಿದ್ದು 2008ರಲ್ಲಿ. ಕಪ್ ಬಂದದ್ದು ಈ ವರ್ಷ ಜೂನ್ 3ಕ್ಕೆ, ಹದಿನೆಂಟನೇ ಸೀಸನ್‌ನಲ್ಲಿ. ನಡುವೆ 2017ರಲ್ಲಿ ಕೊನೇ ಸ್ಥಾನ. ಅದೇ ವರ್ಷ ಕೋಲ್ಕತ್ತದ ಎದುರು 49 ರನ್ನಿಗೆ ಆಲ್ ಔಟ್. 2019ರಲ್ಲಿ ಮತ್ತೆ ಕೊನೇ ಸ್ಥಾನ. ಆಗ ಯಾರಾದರೂ ಜೆರ್ಸಿ ಬಿಚ್ಚಿಟ್ಟರಾ? ಇಲ್ಲ. ಪ್ರತಿ ವರ್ಷ "ಈ ಸಲ ಕಪ್ ನಮ್ದೇ" ಅಂತ ಕೂಗಿದೆವು. ಆ ನಿಷ್ಠೆ ನನಗೆ ತುಂಬ ಇಷ್ಟ. ಆದರೆ ಅದೇ ಜನ ಕಬಡ್ಡಿ ತಂಡಕ್ಕೆ ಒಂದೇ ಒಂದು ಕೆಟ್ಟ ವರ್ಷ ಕೊಡೋದಿಲ್ಲ ಅಂದರೆ ಹೇಗೆ? ಬುಲ್ಸ್ 2015ರಲ್ಲೇ ಫೈನಲ್ ಆಡಿದೆ. ಆರನೇ ಸೀಸನ್‌ನಲ್ಲಿ ಕಪ್ ಗೆದ್ದಿದೆ.

ಆ ಫೈನಲ್ ನೆನಪಿದೆಯಾ? 2019ರ ಜನವರಿ 5, ಮುಂಬೈ. ಅರ್ಧ ಆಟ ಮುಗಿದಾಗ ಗುಜರಾತ್ 16, ನಾವು 9. ನಮ್ಮ ಮನೆಯಲ್ಲಿ ಒಬ್ಬೊಬ್ಬರೇ ಎದ್ದು ಮಲಗಲು ಹೋದರು. ನಾನು ಕೂತೆ. ಪವನ್ ಒಬ್ಬನೇ 22 ಪಾಯಿಂಟ್ ತಂದ. 38-33. ಏಳು ಪಾಯಿಂಟ್ ಹಿಂದಿದ್ದ ತಂಡ ಐದು ಪಾಯಿಂಟಿನಿಂದ ಗೆದ್ದಿತು. ಎದ್ದು ಹೋದವರಿಗೆ ಬೆಳಿಗ್ಗೆ ಪೇಪರಿನಲ್ಲಿ ಗೊತ್ತಾಯಿತು.

ಕೆಲವರು ಹೇಳುವುದುಂಟು: ತಂಡದಲ್ಲಿ ಬಹುಪಾಲು ಉತ್ತರದ ಹುಡುಗರು, ಬೆಂಗಳೂರಿನಲ್ಲಿ ಪಂದ್ಯವೂ ಇಲ್ಲ, ನಮ್ಮದು ಅಂತ ಯಾಕೆ ಅನ್ನಬೇಕು? ಪಂದ್ಯದ ಮಾತು ನಿಜ. ಕಂಠೀರವದಲ್ಲಿ ಕೊನೆಗೆ ಆಡಿದ್ದು 2023ರ ಡಿಸೆಂಬರ್‌ನಲ್ಲಿ. ಹೋದ ವರ್ಷ ಹೈದರಾಬಾದ್, ನೋಯ್ಡಾ, ಪುಣೆ. ಈ ವರ್ಷ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. 2017ರಲ್ಲಂತೂ ನಮ್ಮ ತಂಡದ ತವರು ಪಂದ್ಯಗಳೆಲ್ಲ ನಡೆದದ್ದು ನಾಗ್ಪುರದಲ್ಲಿ. ಇದರ ಬಗ್ಗೆ ನನಗೂ ನೋವಿದೆ. ಆದರೆ ತವರಿನ ಜನ ಎದುರಿಗಿಲ್ಲದೆ ಆಡುವ ತಂಡಕ್ಕೆ ನಮ್ಮ ಬೆಂಬಲ ಜಾಸ್ತಿ ಬೇಕಲ್ವಾ? ಇನ್ನು ಹೊರಗಿನವರು ಅನ್ನುವ ಮಾತು. ಕಪ್ ಎತ್ತಿದ ರಜತ್ ಪಾಟಿದಾರ್ ಇಂದೋರಿನವನು. ಕೊಹ್ಲಿ ದೆಹಲಿಯವನು. ಅವರನ್ನು ನಾವು ಎದೆಗೆ ಅಪ್ಪಿಕೊಂಡಿದ್ದೇವೆ. ಹರಿಯಾಣದ ಕಬಡ್ಡಿ ಹುಡುಗ ಮಾತ್ರ ಹೇಗೆ ಹೊರಗಿನವನಾದ?

ಕಬಡ್ಡಿ ನಮ್ಮ ಕರಾವಳಿಗೆ ಪರಕೀಯ ಆಟ ಅಲ್ಲ. ಕಾರವಾರದಿಂದ ಭಟ್ಕಳದವರೆಗೆ ಹೊನಲು ಬೆಳಕಿನ ಪಂದ್ಯಾವಳಿಗೆ ಊರಿಗೂರೇ ಸೇರುತ್ತದೆ. ಕೆಳಗೆ ದಕ್ಷಿಣ ಕನ್ನಡದ ಪ್ರಶಾಂತ್ ರೈ ಪ್ರೊ ಕಬಡ್ಡಿಯಲ್ಲಿ ಹೆಸರು ಮಾಡಿದವನು. ನಾನೂ ಕಾಲೇಜಿನಲ್ಲಿ ಬಲ ಕಾರ್ನರ್ ಆಡುತ್ತಿದ್ದೆ, ಅಂದರೆ ಬಲ ತುದಿಯಲ್ಲಿ ನಿಂತು, ದಾಳಿಗೆ ಬಂದ ರೈಡರ್‌ನನ್ನು ಹಿಡಿಯುವ ಕೆಲಸ. ಮೊಣಕೈ ಮೇಲಿನ ಕಲೆ ಈಗಲೂ ಇದೆ. ಅದನ್ನು ನೋಡಿದಾಗೆಲ್ಲ ಖುಷಿಯಾಗುತ್ತದೆ.

ಸರಿ, ನಾಳಿನ ಆಟಕ್ಕೆ ಬರೋಣ. ಹನ್ನೆರಡನೇ ಸೀಸನ್ನಿನ ಮೊದಲ ದಿನ, ವಿಶಾಖಪಟ್ಟಣ. ಎಂಟಕ್ಕೆ ತೆಲುಗು ಟೈಟನ್ಸ್ ಮತ್ತು ತಮಿಳ್ ತಲೈವಾಸ್. ಒಂಬತ್ತಕ್ಕೆ ನಾವು, ಎದುರಿಗೆ ಪುಣೇರಿ ಪಲ್ಟನ್.

ಪುಣೇರಿ ಅಂದರೆ ಬಿ.ಸಿ. ರಮೇಶ್ ಕೈಯಲ್ಲಿ ಬೆಳೆದ ತಂಡ. ಹತ್ತನೇ ಸೀಸನ್ನಿನ ಫೈನಲ್‌ನಲ್ಲಿ ಹರಿಯಾಣ ಸ್ಟೀಲರ್ಸ್ ತಂಡವನ್ನು 28-25ರಿಂದ ಸೋಲಿಸಿ ಕಪ್ ಗೆದ್ದಾಗ ಕೋಚ್ ಅವರೇ. ಅದಕ್ಕೂ ಮುಂಚೆ ಏಳನೇ ಸೀಸನ್‌ನಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಕಪ್ ತಂದುಕೊಟ್ಟವರೂ ಅವರೇ. ಅರ್ಜುನ ಪ್ರಶಸ್ತಿ ಪಡೆದ ಆಟಗಾರ, ಕನ್ನಡಿಗ. ಈ ವರ್ಷ ಅವರು ನಮ್ಮ ಕೋಚ್! ಈ ಸುದ್ದಿ ಓದಿದ ದಿನ ನನಗೆ ಆದ ಸಂತೋಷ ಮನೆಯವರಿಗೆ ಅರ್ಥವಾಗಲಿಲ್ಲ. ಪುಣೇರಿಯ ಅಸ್ಲಂ ಇನಾಮ್ದಾರ್ ಯಾವ ಕಡೆ ತಿರುಗುತ್ತಾನೆ, ಪಂಕಜ್ ಮೋಹಿತೆ ಯಾವಾಗ ಕಾಲು ಚಾಚುತ್ತಾನೆ, ರಮೇಶ್ ಅವರಿಗೆ ಗೊತ್ತಿಲ್ಲದ್ದು ಏನಿದೆ?

ನಾನು ಕಾಯುತ್ತಿರುವುದು ನಮ್ಮ ಎರಡು ಕಾರ್ನರ್‌ಗಳನ್ನು ನೋಡಲು. ಬಲಕ್ಕೆ ಯೋಗೇಶ್, ದಬಾಂಗ್ ಡೆಲ್ಲಿಯಿಂದ ಬಂದವನು. ಅವನಿಗೆ ಹರಾಜಿನಲ್ಲಿ ಕೊಟ್ಟದ್ದು ಒಂದು ಕೋಟಿಗೂ ಮೇಲೆ. ಎಡಕ್ಕೆ ಅಂಕುಶ್ ರಾಠಿ. ಒಂಬತ್ತನೇ ಸೀಸನ್‌ನಲ್ಲಿ ಜೈಪುರ ಕಪ್ ಗೆದ್ದಾಗ ರೈಡರ್‌ಗಳನ್ನು ಹಿಡಿದು ಇವನು ತಂದ ಟ್ಯಾಕಲ್ ಪಾಯಿಂಟ್ 89. ಆ ಫೈನಲ್‌ನಲ್ಲಿ ಜೈಪುರ ಸೋಲಿಸಿದ್ದು ಇದೇ ಪುಣೇರಿಯನ್ನು. ಕಾರ್ನರ್ ಆಡುವವರ ಅರ್ಧ ಕೆಲಸ ಕಾಯುವುದು. ರೈಡರ್ ಬೋನಸ್ ಪಾಯಿಂಟಿನ ಗೆರೆ ದಾಟಲು ಕಾಲು ಇಟ್ಟ ಹೊತ್ತಿಗೆ ಪಾದ ಸಿಗಬೇಕು. ಒಂದು ಗಳಿಗೆ ಮುಂಚೆ ಬಿದ್ದರೆ ಕೈಗೆ ಸಿಗೋದು ಗಾಳಿ. ಮತ್ತೆ, ಕಾರ್ನರ್ ಪಾದ ಹಿಡಿದ ಕೂಡಲೇ ಪಕ್ಕದ ಕವರ್‌ನವನು ಮೈಮೇಲೆ ಬೀಳಬೇಕು. ಹೋದ ವರ್ಷ ಎಷ್ಟೋ ಸಲ ಒಬ್ಬ ಹಿಡಿದ, ಉಳಿದವರು ಬರುವುದರೊಳಗೆ ರೈಡರ್ ಗೆರೆ ಮುಟ್ಟಿದ. ನೋಡುವಾಗ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು.

ರೈಡಿಂಗ್ ಬಗ್ಗೆ ನನಗೆ ಅಷ್ಟು ಧೈರ್ಯ ಇಲ್ಲ. ಆಕಾಶ್ ಶಿಂಧೆ ಇದ್ದಾನೆ. ಅವನು ಬಂದದ್ದೇ ಪುಣೇರಿಯಿಂದ. ಅವರ ಡಿಫೆನ್ಸ್ ಅವನಿಗೆ ಗೊತ್ತು, ಅವನ ಆಟ ಅವರಿಗೂ ಗೊತ್ತು. ಇರಾನಿನ ಅಲಿರೆಜಾ ಮಿರ್ಜಾಯಿಯನ್ ಇದ್ದಾನೆ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತವನ್ನೇ ಮಣಿಸಿದ ದೇಶದವನು ಅಂದಮೇಲೆ ಹಗುರವಾಗಿ ನೋಡಬೇಡಿ.

ರೈಡರ್ ಪರ್ದೀಪ್ ನರ್ವಾಲ್ ಇಲ್ಲದ್ದು ಮಾತ್ರ ನನಗೆ ಇನ್ನೂ ಸಹಿಸಲು ಆಗುತ್ತಿಲ್ಲ. ಪಾಟ್ನಾಕ್ಕೆ ಮೂರು ಕಪ್, 1801 ರೈಡ್ ಪಾಯಿಂಟ್, ಹಿಡಿಯಲು ಬಂದವರ ಕೆಳಗೆ ಬಗ್ಗಿ ನುಸುಳುವ ಆ ಡುಬ್ಕಿ! ಮೊದಲು ಆಡಿದ್ದೂ ಬುಲ್ಸ್‌ಗೇ, ಕೊನೆಗೆ ಆಡಿದ್ದೂ ಬುಲ್ಸ್‌ಗೇ. ಈ ವರ್ಷದ ಹರಾಜಿನಲ್ಲಿ ಯಾರೂ ಅವನನ್ನು ಕೊಳ್ಳಲಿಲ್ಲ. ನಿವೃತ್ತಿ ಹೇಳಿಬಿಟ್ಟ. ಆ ದಿನ ನಾನು ಅತ್ತಿದ್ದೇನೆ. ಆಟದ ಸುದ್ದಿಗೆ ಯಾರಾದರೂ ಅಳ್ತಾರಾ ಅಂತ ಮಗಳು ಕೇಳಿದಳು. ಅಳ್ತಾರೆ.

ನಿಯಮವೂ ಬದಲಾಗಿದೆ. ಮೊದಲು ಏಳು ಪಾಯಿಂಟ್ ಒಳಗೆ ಸೋತರೆ ಪಟ್ಟಿಯಲ್ಲಿ ಒಂದು ಪಾಯಿಂಟಾದರೂ ಸಿಗುತ್ತಿತ್ತು. ಈಗ ಗೆದ್ದರೆ ಎರಡು, ಸೋತರೆ ಸೊನ್ನೆ. ಸಮ ಆದರೆ ಐದೈದು ರೈಡ್ ಆಡಿಸಿ ಫಲಿತಾಂಶ ತೆಗೆಯುತ್ತಾರೆ. ನನಗೆ ಹೆದರಿಕೆ ಇರುವುದು ಅಲ್ಲೇ. ಐದು ರೈಡಿಗೆ ಐದು ಬೇರೆ ಬೇರೆ ಜನ ಹೋಗಬೇಕು. ಅಷ್ಟು ಗಟ್ಟಿ ರೈಡರ್‌ಗಳು ಪುಣೇರಿಯಲ್ಲಿ ಇದ್ದಾರೆ, ನಮ್ಮಲ್ಲಿ ಇನ್ನೂ ಇಲ್ಲ. ಹಾಗಾಗಿ ನಲವತ್ತು ನಿಮಿಷದ ಒಳಗೇ ಮುಗಿಸಬೇಕು. ಕೊನೆಯ ಐದು ನಿಮಿಷಕ್ಕೆ ನಾವು ಎರಡು ಪಾಯಿಂಟ್ ಮುಂದಿದ್ದರೆ ಮತ್ತೆ ಬೋನಸ್ ಆಸೆಗೆ ಹೋಗಬಾರದು. ಪಾಯಿಂಟಿಗೆ ಕೈ ಹಾಕದೆ ಖಾಲಿ ರೈಡ್ ಮಾಡಿ ಬಂದು ಡಿಫೆನ್ಸ್ ನಂಬಬೇಕು. ನಾಲ್ಕು ಪಾಯಿಂಟಿನಿಂದ ಗೆಲ್ಲುತ್ತೇವೆ ಅಂತ ನನ್ನ ಲೆಕ್ಕ. ಒಪ್ಪದವರು ಬರೆಯಿರಿ, ಜಗಳ ಆಡೋಣ. ಒಂದೇ ಷರತ್ತು, ನಾಳೆ ಪಂದ್ಯ ಪೂರ್ತಿ ನೋಡಿ ಬರೆಯಿರಿ.